ಗಳ ಕಿತ್ತ ಮೇಲೆ ಚಿಕ್ಕಮ್ಮನ ಕೋಣೆ

ಕಳೆದ ಭಾನುವಾರ ನಮ್ಮ ಚಿಕ್ಕಮ್ಮ, ಇಲ್ಲದ ಮಂಚದ ಮೇಲೆ ಕೂತಳು.

ಬಿದ್ದಳು ಎಂದು ಬರೆಯಬಹುದಿತ್ತು. ಅವಳ ಮಗ ನೆಂಟರಿಗೆಲ್ಲ ಫೋನ್ ಮಾಡಿ ಹಾಗೇ ಹೇಳುತ್ತಿದ್ದಾನೆ: 'ಅಮ್ಮ ಬಿದ್ಬಿಟ್ಲು.' ನಾನು ಆ ಪದ ಬಳಸುವುದಿಲ್ಲ. ಬಿದ್ದಳು ಎಂದ ತಕ್ಷಣ ತಪ್ಪು ಬಿದ್ದವಳದಾಗುತ್ತದೆ. ಚಿಕ್ಕಮ್ಮ ವರ್ಷಗಳಿಂದ ಎಲ್ಲಿ ಕೂರುತ್ತಿದ್ದಳೋ ಅಲ್ಲೇ, ಸೆರಗು ಸರಿಮಾಡಿಕೊಂಡು, ಹಿಂತಿರುಗಿ ನೋಡದೆ ಕೂತಳು. ಮಂಚ ಅಲ್ಲಿರಲಿಲ್ಲ. ಅಷ್ಟೇ.

ಮಂಚ ಎಲ್ಲಿ ಹೋಗಿತ್ತು? ಎದುರು ಗೋಡೆಗೆ ಹೋಗಿತ್ತು. ಯಾಕೆ? ಯಾಕೆಂದರೆ ಅವಳು ಊರಲ್ಲಿಲ್ಲದಾಗ ಮನೆಯವರು ಅವಳ ಬೆಡ್‌ರೂಮನ್ನು ಡೀಪ್ ಕ್ಲೀನ್ ಮಾಡಿಸಿದ್ದರು. ಸರ್‌ಪ್ರೈಸ್!

ಈ ವಾರ ನನ್ನಿಂದ ತಮಾಷೆ ನಿರೀಕ್ಷಿಸಬೇಡಿ. ಸಿಟ್ಟು ಬಂದಿದೆ. ಇನ್ನೂ ಇಳಿದಿಲ್ಲ. ಇಳಿದ ಮೇಲೆ ಬರೆದರೆ ಎಲ್ಲ ಚೊಕ್ಕವಾಗಿ ಜೋಡಿಸಿಟ್ಟ ಹಾಗೆ ಬರುತ್ತದೆ. ಚೊಕ್ಕವಾಗಿ ಜೋಡಿಸಿಟ್ಟದ್ದನ್ನು ಕಂಡರೆ ಸದ್ಯಕ್ಕೆ ನನಗೆ ಮೈ ಉರಿಯುತ್ತದೆ.

ಮೊದಲು ಯಾರು ಯಾರು ಎಂದು ಹೇಳಿಬಿಡುತ್ತೇನೆ. ಸರೋಜ ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿದ್ದವಳು, ರಿಟೈರ್ ಆಗಿ ಬಹಳ ಕಾಲವಾಯಿತು. ಭದ್ರಾವತಿಯ ಹಳೇನಗರದಲ್ಲಿ ಮಗ ಗುರು, ಸೊಸೆ ವೀಣಾ ಜೊತೆ ಇದ್ದಾಳೆ. ಇಬ್ಬರೂ ಕೆಲಸಕ್ಕೆ ಹೋಗುವವರು. ಒಳ್ಳೆಯವರು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಕೆಟ್ಟವರಾಗಿದ್ದರೆ ಬೈದು ಬಸ್ ಹತ್ತಬಹುದಿತ್ತು. ಇವರು ಬೈಸಿಕೊಂಡ ಮೇಲೂ 'ಊಟ ಮಾಡ್ಕೊಂಡ್ ಹೋಗು' ಅನ್ನುತ್ತಾರೆ.

ಚಿಕ್ಕಮ್ಮನ ಕಣ್ಣು ಸ್ವಲ್ಪ ಮಂಜು ಎಂದು ಗುರು ಅವಳನ್ನು ಶಿವಮೊಗ್ಗಕ್ಕೆ ತಂದು ನಮ್ಮ ಮನೆಯಲ್ಲಿ ಬಿಟ್ಟ. ನಮ್ಮದು ನವುಲೆ ಕಡೆ. 'ನಾಲ್ಕು ದಿನ ಇರ್ಲಿ ಅಕ್ಕ, ಒಳ್ಳೆ ಡಾಕ್ಟರ್ ಹತ್ರ ತೋರ್ಸು' ಎಂದ. ಹೋಗುವಾಗ ಬಾಗಿಲ ಹತ್ತಿರ ನಿಂತು ಕಣ್ಣು ಮಿಟುಕಿಸಿದ. ಆಗ ಅರ್ಥವಾಗಲಿಲ್ಲ. (ಕಣ್ಣು ಮಿಟುಕಿಸುವ ಗಂಡಸರನ್ನು ಅಲ್ಲೇ ಹಿಡಿದು ನಿಲ್ಲಿಸಿ ವಿಚಾರಿಸಬೇಕು. ಪಾಠ ಕಲಿತೆ.)

ಮೊದಲ ದಿನವೇ ಅನುಮಾನ ಬಂತು. ಚಿಕ್ಕಮ್ಮ ನಮ್ಮ ಮನೆಯ ಗೋಡೆಗಳನ್ನು ಸವರುತ್ತಿದ್ದಳು. ನಡೆಯುವಾಗಲೆಲ್ಲ ಎಡಗೈ ಗೋಡೆಯ ಮೇಲೆ.

'ಏನ್ ಚಿಕ್ಕಮ್ಮ, ಪೇಂಟ್ ಹೊಸದಾ ಹಳೇದಾ ಅಂತ ನೋಡ್ತಿದೀರಾ?' ಎಂದು ನನ್ನ ಗಂಡ ರೇಗಿಸಿದರು.

'ಹೊಸ್ದೇ. ಆದ್ರೆ ಕೆಳಗಿನ ಪುಟ್ಟಿ ಸರಿಯಾಗಿ ಉಜ್ಜಿಲ್ಲ. ನಿಮ್ಗೆ ಮೋಸ ಮಾಡಿದಾರೆ' ಎಂದಳು.

ಆಸ್ಪತ್ರೆಯಲ್ಲಿ ಅವಳನ್ನು ಒಂದು ಯಂತ್ರದ ಮುಂದೆ ಕೂರಿಸಿದರು. ಅದರೊಳಗೆ ಚುಕ್ಕಿ ಚುಕ್ಕಿ ಬೆಳಕು ಬರುತ್ತದೆ, ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಚಿಕ್ಕಮ್ಮ ಒತ್ತಿದ್ದು ಅಪರೂಪಕ್ಕೆ. ಹೊರಗೆ ಬಂದು, 'ಮಿಷನ್ ಪಾಪ, ಸವೆದುಹೋಗತ್ತೆ ಅಂತ ಒತ್ಲಿಲ್ಲ' ಎಂದಳು. ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಡಾಕ್ಟರು ನಗಲಿಲ್ಲ. ಗ್ಲಾಕೋಮಾ. ಅಕ್ಕಪಕ್ಕದ ನೋಟ ಪೂರ್ತಿ ಹೋಗಿದೆ, ಕಾಲ ಬುಡದಲ್ಲಿರುವುದು ಕಾಣುವುದಿಲ್ಲ, ನೇರ ಎದುರಿಗೆ ಕೊಳವೆಯೊಳಗೆ ಇಣುಕಿದಷ್ಟು ಉಳಿದಿದೆ, ಅದೂ ಮಸುಕು. ಹೋದದ್ದು ವಾಪಸ್ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ಡ್ರಾಪ್ಸ್. 'ಮನೆಯಲ್ಲಿ ಒಬ್ಬರೇ ಹೇಗೆ ಓಡಾಡ್ತೀರಿ?' ಎಂದು ಅವರು ನಿಜವಾಗಿಯೂ ಆಶ್ಚರ್ಯದಿಂದ ಕೇಳಿದರು.

'ನಮ್ ಮನೆ ನಂಗೆ ದಾರಿ ಬಿಡತ್ತೆ ಡಾಕ್ಟ್ರೇ' ಎಂದಳು ಚಿಕ್ಕಮ್ಮ.

ಆಟೋಗೆ ಕಾಯುತ್ತ ನಿಂತಾಗ ನನ್ನ ಮುಂಗೈ ಹಿಡಿದಳು. ಬಿಗಿಯಾಗಿ.

'ಗುರುಗೆ ಹೇಳ್ಬೇಡ.'

'ಚಿಕ್ಕಮ್ಮ, ಹೇಳ್ದೆ ಇರಕ್ಕಾಗತ್ತಾ?'

'ಹೇಳಿದ್ರೆ ಏನಾಗತ್ತೆ ಗೊತ್ತೇನೇ? ಕಣ್ಣು ಹೋಗಿರೋದು ನಂಗೆ ಅಭ್ಯಾಸ ಆಗೋಗಿದೆ. ಗ್ಯಾಸ್ ಒಲೆ ಹೋಗ್ಬಿಡತ್ತೆ ಮಾರಾಯ್ತಿ. ಅದು ನಂಗೆ ಅಭ್ಯಾಸ ಆಗಲ್ಲ.'

ಗ್ಯಾಸ್ ಒಲೆಯ ಕತೆ ಇಷ್ಟು. ಮನೆಯಲ್ಲಿ ಇನ್ನೂ ಯಾರೂ ಎದ್ದಿರದ ಹೊತ್ತಿಗೆ ಚಿಕ್ಕಮ್ಮ ಎದ್ದು, ತಾನೇ ಒಲೆ ಹಚ್ಚಿ, ತಾನೇ ಡಿಕಾಕ್ಷನ್ ಇಳಿಸಿ, ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು ಒಂದು ಲೋಟ ಕಾಫಿ ಕುಡಿಯುತ್ತಾಳೆ. ಆ ಹೊತ್ತಿನಲ್ಲಿ ಅವಳು ಯಾರ ಅಮ್ಮನೂ ಅಲ್ಲ, ಯಾರ ಅತ್ತೆಯೂ ಅಲ್ಲ. 'ಅತ್ತೆ, ಹುಷಾರು' ಎಂದು ಹೇಳುವವರಿಲ್ಲ. ದಿನದ ಉಳಿದ ಹೊತ್ತೆಲ್ಲ ಬೇರೆಯವರ ಟೈಮ್‌ಟೇಬಲ್ಲು. ಇದೊಂದು ಅವಳದು.

ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಎಷ್ಟು ದೂರ? ಒಂದು ಪೊಟ್ಟಣ ಕಡಲೆಕಾಯಿ ಬೀಜ ಮುಗಿಯುವಷ್ಟು. ಅಷ್ಟರೊಳಗೆ ಚಿಕ್ಕಮ್ಮ ತನ್ನ ಕೋಣೆಯ ಗುಟ್ಟು ಬಿಟ್ಟುಕೊಟ್ಟಳು.

ಅವಳ ಕೋಣೆಯಲ್ಲಿ ಒಂದು ಗಳ ಇತ್ತು. ಬಿದಿರಿನದು. ಸೂರಿಗೆ ಹಾಕಿದ ಎರಡು ಕಬ್ಬಿಣದ ಬಳೆಗಳಿಂದ ಹಗ್ಗ ಇಳಿಬಿಟ್ಟು, ಬಾಗಿಲಿನಿಂದ ಮಂಚದವರೆಗೂ ಉದ್ದಕ್ಕೆ ತೂಗುಹಾಕಿದ್ದು. ಮಡಿಸೀರೆ ಒಣಗಿಸುವುದಕ್ಕೆ. ನಮ್ಮ ಕಡೆಯ ಮನೆಗಳಲ್ಲಿ ಇದನ್ನು ನೋಡಿದವರಿಗೆ ಗೊತ್ತು: ಒಗೆದ ಸೀರೆಯನ್ನು ಕೋಲಿನಿಂದ ಎತ್ತಿ ಗಳದ ಮೇಲೆ ಹರಡಬೇಕು, ಮಡಿಯಲ್ಲಿಲ್ಲದವರು ಯಾರೂ ಮುಟ್ಟುವ ಹಾಗಿಲ್ಲ. ಚಿಕ್ಕಮ್ಮನ ಗಳದ ಮೇಲೆ ಯಾವಾಗಲೂ ಬಟ್ಟೆ ತೂಗುತ್ತಿರುತ್ತಿತ್ತು. ಆ ಮನೆಯಲ್ಲಿ ಯಾರೂ ಅದನ್ನು ಮುಟ್ಟಿದವರಲ್ಲ.

'ಮಡಿ ಎಲ್ಲಿ ಬಂತೇ? ನಿಮ್ ಚಿಕ್ಕಪ್ಪ ಹೋದ್ಮೇಲೆ ಬಿಟ್ಬಿಟ್ಟೆ' ಎಂದಳು ಚಿಕ್ಕಮ್ಮ, ಬಾಯಿಗೆ ಕಡಲೆ ಹಾಕಿಕೊಂಡು. 'ಆದ್ರೆ ಬಿಟ್ಟಿದೀನಿ ಅಂತ ಮನೇಲಿ ಹೇಳ್ಲಿಲ್ಲ. ಹೇಳಿದ್ರೆ ಸೀರೆ ಎಲ್ಲಾ ತೆಗ್ದು ಮಡಚಿ ಬೀರುಗೆ ಇಡ್ತಾರೆ.'

'ಇಡ್ಲಿ ಬಿಡು, ಏನೀಗ?'

'ಏನೀಗ ಅಂದ್ರೆ? ಬಾಗಿಲ ಹತ್ರ ನಿಮ್ ಚಿಕ್ಕಪ್ಪನ ಪಂಚೆ ಇದೆ. ಅದು ಭುಜಕ್ಕೆ ತಾಗಿದ್ರೆ ಒಳಗೆ ಬಂದೆ ಅಂತ. ಆಮೇಲೆ ಗಂಜಿ ಹಾಕಿದ್ ಸೀರೆ, ಹಪ್ಪಳದ್ ಥರ. ಅಲ್ಲಿ ಎಡಕ್ಕೆ ತಿರುಗಿದ್ರೆ ಬಾತ್‌ರೂಮು. ಕೊನೇಲಿ ಹಳೇ ರೇಷ್ಮೆ ಸೀರೆ. ಅದ್ರ ಜರಿ ಅಂಚು ಕೈಗೆ ಚುಚ್ಚತ್ತೆ. ಚುಚ್ತಾ? ಮಂಚ ಬಂತು. ಧೈರ್ಯವಾಗಿ ಕೂತ್ಕೋಬೋದು.'

ನಾನು ಬಸ್ಸಿನ ಕಿಟಕಿಯ ಕಡೆ ತಿರುಗಿಕೊಂಡೆ. ನಿಮಗೆ ಗೊತ್ತು, ಇದೇ ಅಂಕಣದಲ್ಲಿ ಮಡಿ ಮೈಲಿಗೆಯ ಮೇಲೆ ನಾನು ಎಷ್ಟು ಸಲ ಹರಿಹಾಯ್ದಿದ್ದೇನೆ ಎಂದು. ಮುಟ್ಟಬೇಡ ಎನ್ನುವ ಆ ಒಂದು ಮಾತು ಎಷ್ಟು ಜನರ ಬದುಕು ತಿಂದಿದೆಯೋ. ಅದನ್ನೇ ಈ ಹೆಂಗಸು, ನಂಬಿಕೆಯೇ ಇಲ್ಲದೆ, ಒಂದು ಊರುಗೋಲಿನ ಹಾಗೆ ಬಳಸಿಕೊಂಡು ವರ್ಷಗಟ್ಟಲೆ ನಡೆದಿದ್ದಾಳೆ!

ಆದರೆ ಒಂದು ಎಡವಟ್ಟು ಆಗಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ. ಹಿಂದಿನ ತಿಂಗಳು ನೆಂಟರ ಮನೆಯ ಉಪನಯನದಲ್ಲಿ ಯಾರೋ 'ಸರೋಜಮ್ಮ, ನಿಮ್ಗೆ ಮಡಿಯಲ್ಲಿ ಬೇರೆ ಬಡಿಸ್ಬೇಕಾ?' ಎಂದು ಕೇಳಿದ್ದಕ್ಕೆ, ಹಸಿದಿದ್ದ ಚಿಕ್ಕಮ್ಮ, 'ಅದೆಲ್ಲಾ ಬಿಟ್ಟು ಯಾವ ಕಾಲ ಆಯ್ತು, ಎಲೆ ಹಾಕಿ' ಎಂದುಬಿಟ್ಟಿದ್ದಳು. ಪಕ್ಕದ ಎಲೆಯಲ್ಲಿ ವೀಣಾ ಕೂತಿದ್ದಳು.

ಮಡಿ ಇಲ್ಲ ಅಂದಮೇಲೆ ಗಳ ಯಾಕೆ?

ಈ ಪ್ರಶ್ನೆಯಲ್ಲಿ ಒಂದು ತಪ್ಪು ಹುಡುಕಿ ನೋಡೋಣ. ಸಿಗುವುದಿಲ್ಲ. ಅದಕ್ಕೇ ನನಗೆ ಇಷ್ಟು ಸಿಟ್ಟು.

ಮನೆ ತಲುಪಿದಾಗ ಗುರು ಗೇಟಿನಲ್ಲೇ ನಿಂತಿದ್ದ. ವೀಣಾ ಕೈಯಲ್ಲಿ ಮೊಬೈಲ್, ಕ್ಯಾಮೆರಾ ಆನ್. 'ಅತ್ತೆ, ಸೀದಾ ನಿಮ್ ರೂಮಿಗೆ ನಡೀರಿ! ಅತ್ತಿಗೆ, ನೀವು ಸ್ವಲ್ಪ ಪಕ್ಕಕ್ಕೆ ಬನ್ನಿ, ಫ್ರೇಮಲ್ಲಿ ಬರ್ತೀರಿ.' ಅತ್ತಿಗೆ ಎಂದರೆ ನಾನು.

ಚಿಕ್ಕಮ್ಮ ಚಪ್ಪಲಿ ಬಿಟ್ಟು ಹಾಲ್ ದಾಟಿ ಕೋಣೆಯ ಬಾಗಿಲಿಗೆ ಹೋದಳು. ನಿಂತಳು. ನಾನು ಅವಳ ಹಿಂದೆ. ಒಳಗೆ ಇಣುಕಿದೆ.

ಬಿಳಿ. ಎಲ್ಲವೂ ಬಿಳಿ. ಗಳ ಇರಲಿಲ್ಲ. ಗಳ ಇದ್ದ ಗುರುತೂ ಇರಲಿಲ್ಲ. ಮಂಚ ಆ ಗೋಡೆಯಿಂದ ಈ ಗೋಡೆಗೆ ಬಂದಿತ್ತು (ವಾಸ್ತು ಪ್ರಕಾರ ತಲೆ ದಕ್ಷಿಣಕ್ಕಂತೆ). ಸ್ಟೂಲು, ತಂಬಿಗೆ, ಟ್ರಂಕು ಒಂದೂ ಇಲ್ಲ. ಗೋಡೆಗೆ ಶೆಲ್ಫು. ಶೆಲ್ಫಿನಲ್ಲಿ ಒಂದೇ ಅಳತೆಯ, ಒಂದೇ ಆಕಾರದ ಪ್ಲಾಸ್ಟಿಕ್ ಡಬ್ಬಿಗಳ ಸಾಲು. ಪ್ರತಿಯೊಂದರ ಮೇಲೂ ಲೇಬಲ್. ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರ.

ಮೊದಲು ಅವಳ ಬಿಪಿ ಮಾತ್ರೆ ಕುಂಕುಮದ ಮರದ ಭರಣಿಯಲ್ಲಿರುತ್ತಿತ್ತು, ಶುಗರ್ ಮಾತ್ರೆ ಮುಚ್ಚಳ ನೆಗ್ಗಿದ ಸ್ಟೀಲ್ ಡಬ್ಬಿಯಲ್ಲಿ. ಬೆರಳಿಗೆ ಗೊತ್ತಾಗುತ್ತಿತ್ತು. ಈಗ? ಎಲ್ಲ ಡಬ್ಬಿಯೂ ಅವಳಿ ಜವಳಿ.

'ಹೇಗಿದೆ ಅತ್ತೆ?' ವೀಣಾ ಕೇಳಿದಳು. ಕ್ಯಾಮೆರಾ ಚಿಕ್ಕಮ್ಮನ ಮುಖದ ಹತ್ತಿರ.

ಚಿಕ್ಕಮ್ಮ ತಲೆ ಎತ್ತಿ ಒಂದು ಸಲ ಮೂಗಿನಿಂದ ಉಸಿರೆಳೆದುಕೊಂಡಳು. 'ಘಮ ಘಮ ಅಂತಿದೆ. ತಣ್ಣಗಿದೆ. ತುಂಬಾ ಚೆನ್ನಾಗಿದೆ' ಎಂದಳು. ಮೂರೂ ಸುಳ್ಳಲ್ಲ. ಮೂರೂ ಕಣ್ಣಿಗೆ ಸಂಬಂಧಪಟ್ಟದ್ದಲ್ಲ. ಮೇಡಂ ಆಗಿದ್ದವಳು, ಉತ್ತರ ಗೊತ್ತಿಲ್ಲದಾಗ ಪೇಪರ್ ಹೇಗೆ ತುಂಬಿಸಬೇಕು ಎಂದು ಅವಳಿಗೆ ಗೊತ್ತು.

'ಒಳಗೆ ಹೋಗಿ ಕೂತ್ಕೊಳಿ ಅತ್ತೆ!'

ನಾನು ಕೈ ಹಿಡಿಯಲು ಮುಂದೆ ಬಂದೆ. 'ಅತ್ತಿಗೆ, ಪ್ಲೀಸ್, ಫ್ರೇಮು!' ಎಂದಳು ವೀಣಾ. ಮಾತು ಕೊಟ್ಟಿದ್ದೆನಲ್ಲ, ಏನೆಂದು ಹೇಳಿ ತಡೆಯಲಿ?

ಚಿಕ್ಕಮ್ಮ ಭುಜ ಕೊಂಚ ಓರೆ ಮಾಡಿ ಪಂಚೆ ತಾಗುವುದನ್ನು ಕಾಯುತ್ತ ಹೆಜ್ಜೆ ಇಟ್ಟಳು. ಏನೂ ತಾಗಲಿಲ್ಲ. ಇನ್ನೊಂದು ಹೆಜ್ಜೆ. ಏನೂ ಇಲ್ಲ. ಅವಳ ಬೆರಳುಗಳು ಗಾಳಿಯಲ್ಲಿ ಮೆಲ್ಲಗೆ ತಡಕುತ್ತಿದ್ದವು, ಬೇರೆಯವರಿಗೆ ಅನುಮಾನ ಬಾರದಷ್ಟು ಮೆಲ್ಲಗೆ. ಆಗ ಕಿಟಕಿಯ ಹೊಸ ಕರ್ಟನ್ನು ಕೈಗೆ ತಾಗಿತು. ಅದರ ಅಂಚಿಗೆ ಜರಿಯಂಥ ಲೇಸು. ಚುಚ್ಚುವ ಲೇಸು.

ಅವಳ ಮುಖ ಅರಳಿತು. ಬದುಕಿದೆ ಎನ್ನುವ ಹಾಗೆ.

ಸೆರಗು ಸರಿಮಾಡಿಕೊಂಡಳು. ಕೂತಳು.

ಗುರು ಮೊದಲು ನಕ್ಕ. ಅವನ ತಪ್ಪಲ್ಲ, ಅಮ್ಮ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡ. ಅವಳು ಯಾವಾಗಲೂ ತಮಾಷೆ ಮಾಡುವವಳೇ. ಆಮೇಲೆ ಅವಳು ನೆಲದ ಮೇಲೆ ಕೂತಲ್ಲೇ ಎರಡೂ ಕೈಯಲ್ಲಿ ಸುತ್ತ ಸವರಿ ಮಂಚ ಹುಡುಕುವುದನ್ನು ಕಂಡ. ನಗು ನಿಂತಿತು. ವೀಣಾ ಮೊಬೈಲ್ ಕೆಳಗಿಳಿಸಿದಳು. ನಿಲ್ಲಿಸುವುದನ್ನು ಮರೆತಿದ್ದಳು, ಅದು ನಮ್ಮ ಕಾಲುಗಳನ್ನು ರೆಕಾರ್ಡ್ ಮಾಡುತ್ತಲೇ ಇತ್ತು.

ಮೂಳೆಗೆ ಏನೂ ಆಗಲಿಲ್ಲ. ಮುಂಗೈ ಊದಿಕೊಂಡಿತು. ಗುಟ್ಟು ಮಾತ್ರ ಚೂರು ಚೂರಾಯಿತು.

'ಅಕ್ಕ, ನಿಂಗೆ ಗೊತ್ತಿತ್ತಾ?' ಗುರು ಅಡುಗೆಮನೆಗೆ ಕರೆದು ಕೇಳಿದ.

'ಗೊತ್ತಿತ್ತು.'

'ಗೊತ್ತಿದ್ದೂ ಹೇಳ್ಲಿಲ್ವಾ? ನಾಳೆ ಅವ್ಳು ಒಲೆ ಹಚ್ಚಕ್ ಹೋಗಿ ಸೆರಗು ಹತ್ಕೊಂಡ್ರೆ ಶಿವಮೊಗ್ಗದಿಂದ ಓಡಿ ಬರ್ತೀಯಾ ನೀನು?'

ಅವನು ಕೇಳಿದ್ದು ನ್ಯಾಯವೇ. ಆದರೆ ನನ್ನ ಹತ್ತಿರವೂ ಪ್ರಶ್ನೆ ಇತ್ತು. 'ನೀನು ಒಂದೇ ಮನೇಲಿದ್ಕೊಂಡು ನೋಡ್ಲಿಲ್ವಲ್ಲೋ? ಇಷ್ಟು ವರ್ಷ ಇವಳು ಸೀರೆ ಮುಟ್ಟಿ ಮುಟ್ಟಿ ನಡೀತಿದ್ಲಲ್ಲ, ಒಂದಿನಾನೂ ನೋಡ್ಲಿಲ್ವಾ?'

'ಮಡಿ ಸೀರೆ ಅಂತ ಆ ಕಡೆ ನೋಡ್ತಾನೇ ಇರ್ಲಿಲ್ಲ' ಎಂದ.

ವೀಣಾ ಫ್ರಿಜ್ಜಿಗೆ ಒರಗಿ ಅಳುತ್ತಿದ್ದಳು. 'ಅವ್ರಿಗೋಸ್ಕರ ರಜ ಹಾಕಿ ಮಾಡ್ಸಿದ್ದು ಅತ್ತಿಗೆ. ಧೂಳು, ಕೆಮ್ಮು ಬರತ್ತೆ ಅಂತ. ನನ್ನ ರೂಮನ್ನೇ ಮಾಡ್ಸಿಕೊಂಡಿಲ್ಲ.'

ನಿಜವೇ. ಅದೇ ಸಮಸ್ಯೆ. ನಿನ್ನ ರೂಮಿನಿಂದ ಶುರು ಮಾಡಬೇಕಿತ್ತು ಮಾರಾಯ್ತಿ.

ಯಾಕೆ ನಾವು ಯಾವಾಗಲೂ ಬೇರೆಯವರ ಕೋಣೆಯಿಂದ ಶುರು ಮಾಡುತ್ತೇವೆ? ಮಕ್ಕಳ ಟೇಬಲ್ಲು, ಗಂಡನ ಬೀರು, ಅತ್ತೆಯ ಟ್ರಂಕು. ನಮ್ಮದು ಸಾಮಾನು, ಅವರದು ಗಲೀಜು. ಡೀಪ್ ಕ್ಲೀನಿಂಗ್ ಎಂದರೆ ಎಷ್ಟು ಡೀಪು? ಯಾರ ಅಪ್ಪಣೆ ತೆಗೆದುಕೊಂಡು? ಹಳೆಯ ಮಡಿಯಲ್ಲಿ ಕೋಲು ಹಿಡಿದು 'ಮುಟ್ಟಬೇಡ' ಎನ್ನುತ್ತಿದ್ದರು. ಹೊಸ ಮಡಿಯಲ್ಲಿ ಸ್ಪ್ರೇ ಬಾಟಲಿ ಹಿಡಿದು ಎಲ್ಲವನ್ನೂ ಮುಟ್ಟುತ್ತಾರೆ, ಆಮೇಲೆ ಆ ಕೋಣೆಯಲ್ಲಿ ಇರಬೇಕಾದವರೇ ಏನನ್ನೂ ಮುಟ್ಟಲಾಗದ ಹಾಗೆ ಮಾಡುತ್ತಾರೆ.

ಸಂಜೆ ಚಿಕ್ಕಮ್ಮ ಕೈಗೆ ಐಸ್ ಇಟ್ಟುಕೊಂಡು ಹಾಲಿನಲ್ಲಿ ಕೂತು ಒಂದೇ ಮಾತು ಹೇಳಿದಳು: 'ಎಲ್ಲಾ ಇದ್ದ ಹಾಗೆ ಇಡಿ.'

ಸರಿ. ಇದ್ದ ಹಾಗೆ ಎಂದರೆ ಹೇಗೆ?

ಗುರು ಪ್ರಕಾರ ಸ್ಟೂಲು ಮಂಚದ ತಲೆಯ ಕಡೆ ಇತ್ತು. ವೀಣಾ ಪ್ರಕಾರ ಕಾಲಿನ ಕಡೆ. ಗುರು ಟ್ರಂಕು ಕಿಟಕಿ ಕೆಳಗಿತ್ತು ಎಂದು ಆಣೆ ಮಾಡಿದ. ವೀಣಾ ಬಾಗಿಲ ಹಿಂದೆ ಎಂದಳು. ನಾನು? ಆ ಕೋಣೆಯಲ್ಲಿ ನನ್ನ ಬೇಸಿಗೆ ರಜೆಗಳು ಕಳೆದಿವೆ. ಬೆಳಿಗ್ಗೆ ಈ ಬರಹ ಶುರು ಮಾಡಿದಾಗ ಗಳದ ಮೇಲೆ ಹಸಿರು ಸೀರೆ ತೂಗುತ್ತಿತ್ತು ಎಂದು ಬರೆದಿದ್ದೆ. ಓದಿ ಹೊಡೆದುಹಾಕಿದೆ. ಆ ಹಸಿರು ನಾನೇ ಕಲ್ಪಿಸಿಕೊಂಡದ್ದು. ನನಗೆ ನೆನಪಿರುವುದು ಏನೋ ತೂಗುತ್ತಿತ್ತು ಎಂಬುದಷ್ಟೇ. ಆ ಕೋಣೆ ಬಗ್ಗೆ ನನಗೆ ಇದ್ದದ್ದು ಮಮತೆ. ಗಮನ ಇರಲಿಲ್ಲ. ಮಮತೆ ಎಲ್ಲವನ್ನೂ ತನಗೆ ಬೇಕಾದ ಬಣ್ಣದಲ್ಲಿ ನೆನಪಿಟ್ಟುಕೊಳ್ಳುತ್ತದೆ.

'ಬಿಫೋರ್ ಫೋಟೋಸ್ ಇದೆಯಲ್ಲ!' ಎಂದಳು ವೀಣಾ, ಮುಖ ಬೆಳಗಿ.

ನೋಡಿದೆವು. ಜೇಡರ ಬಲೆ. ಮಂಚದ ಕೆಳಗಿನ ಧೂಳು. ಖಾಲಿ ಮಾತ್ರೆ ಸ್ಟ್ರಿಪ್ಪು. ಕಿಟಕಿ ಸರಳಿನ ತುಕ್ಕು. ಬಿಫೋರ್ ಫೋಟೋ ತೆಗೆಯುವವರು ಕೋಣೆಯ ಫೋಟೋ ಎಲ್ಲಿ ತೆಗೆಯುತ್ತಾರೆ? ಕೊಳೆಯ ಫೋಟೋ ತೆಗೆಯುತ್ತಾರೆ. ಸ್ಟೂಲು ಎಲ್ಲಿತ್ತು ಎಂದು ಹೇಳುವ ಒಂದು ಚಿತ್ರವೂ ಇರಲಿಲ್ಲ.

ಒಂದು ಫೋಟೋ ಮಾತ್ರ ದೊಡ್ಡದು ಮಾಡಿ ನೋಡಿದೆ. ಹಳೆಯ ಗೋಡೆ. ಅದರ ಮೇಲೆ, ಸೊಂಟದ ಎತ್ತರಕ್ಕೆ, ಉದ್ದಕ್ಕೆ ಒಂದು ಎಣ್ಣೆಗಪ್ಪು ಗೆರೆ. ಬಾತ್‌ರೂಮಿನ ಬಾಗಿಲವರೆಗೂ ಹೋಗಿತ್ತು.

'ಇದೇ ಅತ್ತಿಗೆ, ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ. ಅದಕ್ಕೇ ಪೇಂಟ್ ಹೊಡ್ಸಿದ್ದು' ಎಂದಳು ವೀಣಾ. ಹೇಳುತ್ತ ಹೇಳುತ್ತ ಧ್ವನಿ ಸಣ್ಣದಾಯಿತು. ಅದು ಅಂಗೈ ಉಜ್ಜಿ ಉಜ್ಜಿ ಆದ ಗೆರೆ ಎಂದು ಅವಳಿಗೂ ಆಗ ಹೊಳೆಯಿತು.

ಗಳ ಹುಡುಕಿಕೊಂಡು ಹೊರಟೆವು. ಅದು ಪಕ್ಕದ ಮನೆಯ ಸೆಲ್ವಿಯವರ ಪಾಲಾಗಿತ್ತು. ಅವರು ಅದರ ತುದಿಗೆ ಕತ್ತಿ ಕಟ್ಟಿ ನುಗ್ಗೆಕಾಯಿ ಕೀಳುವ ದೋಟಿ ಮಾಡಿಕೊಂಡಿದ್ದರು. ವಿಷಯ ಕೇಳಿ ಕಾಂಪೌಂಡಿನ ಆ ಕಡೆಯಿಂದಲೇ ಕತ್ತಿ ಬಿಚ್ಚಲು ಶುರು ಮಾಡಿದರು.

'ಅಯ್ಯಯ್ಯೋ, ಸರೋಜಮ್ಮನ್ನ ಕೇಳ್ದೇನೇ ಕೊಟ್ರಾ? ಏನಮ್ಮಾ ವೀಣಾ, ಬೇಡ ಅಂತ ಅವ್ರೇ ಹೇಳಿದಾರೆ ಅಂದ್ರಲ್ಲ!'

ವೀಣಾ ನನ್ನ ಕಡೆ ನೋಡಲಿಲ್ಲ.

ಗಳ ಬಂತು. ಕಟ್ಟುವುದು ಎಲ್ಲಿಗೆ? ಸೂರಿನ ಕಬ್ಬಿಣದ ಬಳೆಗಳನ್ನು ಕತ್ತರಿಸಿ, ಪುಟ್ಟಿ ಹಾಕಿ, ನುಣ್ಣಗೆ ಬಣ್ಣ ಬಳಿದಿದ್ದರು. ಅಷ್ಟು ಚೆಂದದ ಕೆಲಸ. ಬೆರಳಲ್ಲಿ ಸವರಿದರೂ ಎಲ್ಲಿತ್ತು ಎಂದು ಗೊತ್ತಾಗದಷ್ಟು.

'ಅಮ್ಮ, ಇನ್ಮೇಲೆ ನೀನು ಹಾಲಲ್ಲೇ ಮಲ್ಕೋ' ಎಂದ ಗುರು, ಅವಳ ಕಾಲ ಹತ್ತಿರ ಕೂತು. 'ನಾವು ಯಾರಾದ್ರೂ ಎದ್ಮೇಲೆ ಕಾಫಿ. ಒಲೆ ಹತ್ರ ಹೋಗ್ಬೇಡ. ನಂಗೆ ಹೆದ್ರಿಕೆ ಆಗತ್ತೆ ಅಮ್ಮ.'

'ನಿಂಗೆ ಹೆದ್ರಿಕೆ ಆದ್ರೆ ನಾನ್ಯಾಕೋ ಕಾಫಿ ಬಿಡ್ಬೇಕು?'

'ಹಾಗಲ್ಲ.'

'ಹಾಗೇನೇ. ಕೇಳು. ಶನಿವಾರ ನಂಗೊಂದು ಪರೀಕ್ಷೆ ಇಡು. ಬೆಳಿಗ್ಗೆ ಮಂಚದಿಂದ ಎದ್ದು, ಯಾರ ಕೈನೂ ಹಿಡೀದೆ, ಒಲೆ ತನಕ ಹೋಗಿ, ನಿಮ್ಗೆಲ್ಲಾ ಕಾಫಿ ಮಾಡ್ಕೊಡ್ತೀನಿ. ಒಂದು ತೊಟ್ಟು ಚೆಲ್ಲಿದ್ರೂ ಒಲೆ ನಿಂದು. ಚೆಲ್ಲಿಲ್ಲ ಅಂದ್ರೆ ಇನ್ಮೇಲೆ ಯಾರೂ ಆ ಮಾತೆತ್ಬಾರ್ದು. ಆದ್ರೆ ಅಷ್ಟರೊಳಗೆ ನನ್ನ ರೂಮು ನಂಗೆ ವಾಪಸ್ ಬೇಕು.'

ಗುರು ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ? ಅವನಿಗೆ ಮಗ್ಗಿ ಕಲಿಸಿದವಳೂ ಅವಳೇ, ಪರೀಕ್ಷೆ ಇಟ್ಟವಳೂ ಅವಳೇ.

ನಾನು ಶಿವಮೊಗ್ಗಕ್ಕೆ ವಾಪಸ್ ಬಂದೆ. ಬುಧವಾರ ಫೋನ್ ಬಂತು.

'ಗುರು ಹೊಸ ಕೊಕ್ಕೆ ಹಾಕ್ಸಿದಾನೆ ಕಣೇ. ಮಂಚಾನೂ ಹಳೇ ಜಾಗಕ್ಕೆ ಬಂತು. ವಾಸ್ತು ಗೀಸ್ತು ಎಲ್ಲಾ ಬಿಟ್ಟ. ಗಳಾನೂ ಕಟ್ಟಾಯ್ತು.'

'ಮತ್ತೆ ಸಂತೋಷ ಅಲ್ವಾ ಚಿಕ್ಕಮ್ಮ?'

ಆ ಕಡೆ ದನಿ ಪಿಸುಮಾತಿಗಿಳಿಯಿತು. ವೀಣಾ ಎಲ್ಲೋ ಹತ್ತಿರದಲ್ಲೇ ಇದ್ದಿರಬೇಕು.

'ಸೀರೆ ವೀಣಾನೇ ಹಾಕಿದಾಳೆ. ಪಾಪ, ಎಲ್ಲಾನೂ ಆ ಬಟ್ಟೆ ಮೆತ್ತಗೆ ಮಾಡೋ ಘಮ ಘಮ ನೀರಲ್ಲಿ ಅದ್ದಿ, ಇಸ್ತ್ರಿ ಮಾಡಿ ಹಾಕಿದಾಳೆ ಮಾರಾಯ್ತಿ. ಪಂಚೆ ಯಾವ್ದು, ಗಂಜಿ ಸೀರೆ ಯಾವ್ದು, ಒಂದೂ ಗೊತ್ತಾಗ್ತಿಲ್ಲ. ಎಲ್ಲಾ ಬೆಣ್ಣೆ. ರೇಷ್ಮೆ ಸೀರೆ ಅಂಚು ಬಿಟ್ಟೋಗಿದೆ ಅಂತ ಜರಿ ಬಿಚ್ಚಿಸಿ ಮೆತ್ತನೆ ಫಾಲ್ಸ್ ಹೊಲ್ಸಿದಾಳೆ.'

ನನಗೆ ಕೂಗಬೇಕು ಎನಿಸಿತು. ಯಾರ ಮೇಲೆ? ಇಡೀ ರಾತ್ರಿ ಕೂತು ಇಸ್ತ್ರಿ ಮಾಡಿದವಳ ಮೇಲೆ ಹೇಗೆ ಕೂಗುವುದು? ತಿದ್ದಿಕೊಳ್ಳುತ್ತೇನೆ ಎಂದು ಹೊರಟವರ ಕೈಯಲ್ಲೂ ಪೊರಕೆಯೇ ಇರುತ್ತದೆ. ಕ್ಷಮೆ ಕೇಳುವುದನ್ನೂ ನೀಟಾಗಿ ಕೇಳುತ್ತಾರೆ. ಅವಳಿಗೆ ನೀಟು ಬೇಡ ಎಂದು ಯಾರಿಗೂ ತಲೆಗೆ ಹೋಗುವುದೇ ಇಲ್ಲ. ಅವಳಿಗೆ ಬೇಕಾದ್ದು ಒರಟು. ಚುಚ್ಚಬೇಕು. ಗರಗರ ಎನ್ನಬೇಕು. ಒಂದು ಇನ್ನೊಂದರ ಹಾಗೆ ಇರಬಾರದು.

'ವೀಣಾಗೆ ಹೇಳ್ಬಾರ್ದಾ ಚಿಕ್ಕಮ್ಮ?'

'ಹೇಳ್ದೆ. ಇನ್ನೊಂದ್ಸಲ ತೊಳ್ದು ಹಾಕ್ತೀನಿ ಅಂದ್ಲು.'

ಇಬ್ಬರೂ ನಕ್ಕೆವು. ಅವಳು ಮೊದಲು ನಿಲ್ಲಿಸಿದಳು.

'ನೀನು ಶುಕ್ರವಾರವೇ ಬಾ. ಒಂದು ಹಳೇ ಪಂಚೆ ತಾ, ನಿನ್ ಗಂಡಂದು, ಒರಟಾಗಿರೋದು. ನಿಮ್ಮಮ್ಮನ್ ಹಳೇ ಧರ್ಮಾವರಂ ಇದ್ರೆ ಅದೂ ತಾ, ಜರಿ ಕಿತ್ತು ಬಂದಿರ್ಬೇಕು. ಗಂಜಿ ನಾನೇ ಕಾಯಿಸ್ತೀನಿ.' ತಕ್ಷಣ ತಾನೇ ತಿದ್ದಿಕೊಂಡಳು: 'ಗಂಜಿ ನೀನೇ ಕಾಯ್ಸು. ಶನಿವಾರದ ತನಕ ಒಲೆ ಮುಟ್ಟಲ್ಲ ಅಂತ ಮಾತು ಕೊಟ್ಟಿದೀನಿ.'

ಬ್ಯಾಗು ತುಂಬಿಸಿಟ್ಟಿದ್ದೇನೆ. ನನ್ನ ಗಂಡ ಪಂಚೆ ಕೊಡುವಾಗ, 'ಒಗೆದು ಕೊಡಬೇಕಾ?' ಎಂದು ಕೇಳಿದರು. ನಾನು ನೋಡಿದ ರೀತಿಗೆ ಅವರು ಹಾಗೇ ಮಡಚಿ ಕೊಟ್ಟರು. ಅಮ್ಮನ ಧರ್ಮಾವರಂ ಸೀರೆಯ ಅಂಚು ಕೈಗೆ ಚೆನ್ನಾಗಿ ಚುಚ್ಚುತ್ತದೆ, ನೋಡಿಕೊಂಡಿದ್ದೇನೆ. ಸೀರೆಯ ಬಣ್ಣ ಈಗ ಮಾತ್ರ ಸರಿಯಾಗಿ ನೋಡಿದೆ. ಹಸಿರಲ್ಲ.

ಶನಿವಾರ ಬೆಳಿಗ್ಗೆ ಕಾಫಿ ಚೆಲ್ಲುತ್ತದೋ ಇಲ್ಲವೋ ಇದನ್ನು ಬರೆಯುವ ಹೊತ್ತಿಗೆ ನನಗೆ ಗೊತ್ತಿಲ್ಲ. ಚಿಕ್ಕಮ್ಮನ ಕೈ ಇನ್ನೂ ಊದಿಕೊಂಡಿದೆ. ಲೋಟ ಬಿಸಿ ಇರುತ್ತದೆ. ಮೂರು ಜೋಡಿ ಕಣ್ಣು ಅವಳ ಮೇಲಿರುತ್ತವೆ, ಅದರಲ್ಲಿ ಒಂದು ಜೋಡಿ, ನನ್ನದು, ಪ್ರಾಮಾಣಿಕವಾಗಿ ಹೇಳುವುದಾದರೆ, ಪೂರ್ತಿ ಪಕ್ಷಪಾತಿ.

ವೀಣಾ, ಇದನ್ನು ನೀನು ಓದುತ್ತೀಯ ಎಂದು ಗೊತ್ತು. ಶುಕ್ರವಾರ ಸಂಜೆ ನಿನ್ನ ಮೊಬೈಲ್ ಚಾರ್ಜ್ ಮಾಡಿಟ್ಟುಕೋ: ಈ ಸಲ ಬಿಫೋರ್‌ನಲ್ಲಿ ಕೋಣೆ ಕ್ಲೀನಾಗಿರುತ್ತದೆ, ಆಫ್ಟರ್‌ನಲ್ಲಿ ಚಿಕ್ಕಮ್ಮ ಇರುತ್ತಾಳೆ.